ಬೀಸಣಿಗೆ ಕೊಟ್ಟ ರಾಜ, ಕುದುರೆ ಬಾಲಕ್ಕೂ ದುಡ್ಡು ಕೊಟ್ಟ ರಾಜ: ಹೊರಗಿನವರನ್ನ ನಾವು ಹೇಗೆ ಬರಮಾಡ್ಕೊಂಡ್ವಿ?

ಬಸ್ಸಿನ ಕಿಟಕಿ ಪಕ್ಕ ಇಯರ್‌ಫೋನ್ ಹಾಕ್ಕೊಂಡು ಕೂತವರಿಗೆ, ಹೊಲದಲ್ಲಿ ತ್ರೀ ಫೇಸ್ ಕರೆಂಟ್ ಯಾವಾಗ ಬರುತ್ತೋ ಅಂತ ಕಾಯ್ತಿರೋರಿಗೆ, ಕೇಳೋ ಬದಲು ಇದನ್ನ ಓದ್ತಿರೋರಿಗೆ, ಎಲ್ಲರಿಗೂ ಸ್ವಾಗತ. ಇವತ್ತಿನ ವಿಷಯವೂ ಸ್ವಾಗತವೇ.

ನಮ್ಮ ವಿಜಯನಗರ ಜಿಲ್ಲೆ ಶುರುವಾಗಿದ್ದು 2021ರಲ್ಲಿ. ಆರು ತಾಲೂಕು. ಹೊಸಪೇಟೆ ಒಂದು. ಉಳಿದ ಐದು ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹೂವಿನಹಡಗಲಿ, ಹರಪನಹಳ್ಳಿ. ಹಂಪಿ ನೋಡೋಕೆ ಬರೋ ಫಾರಿನರ್‌ಗಳು ಹೊಸಪೇಟೆಯಲ್ಲಿ ಇಳೀತಾರೆ, ಆಟೋ ಹತ್ತುತಾರೆ, ಹಂಪಿ ನೋಡ್ತಾರೆ, ಗೋವಾಕ್ಕೋ ಬೆಂಗಳೂರಿಗೋ ಹೋಗ್ತಾರೆ. ಬಾಗಳಿಯ ಕಲ್ಲೇಶ್ವರ, ಮಾಗಳದ ಸೂರ್ಯನಾರಾಯಣ, ಹಿರೇಹಡಗಲಿ, ಅಂಬಳಿ, ಇಲ್ಲೆಲ್ಲ ಹಂಪಿಗಿಂತ ಹಳೆಯ ಚಾಲುಕ್ಯರ ಕಾಲದ ಗುಡಿಗಳಿವೆ. ಅಲೆಕ್ಸಾಂಡರ್ ರೀ ಅನ್ನೋ ಬ್ರಿಟಿಷ್ ಅಧಿಕಾರಿ ಈ ಕಡೆಯ ಗುಡಿಗಳ ಅಳತೆ ತೆಗೆದು, ಚಿತ್ರ ಬರೆಸಿ 1896ರಲ್ಲೇ ಪುಸ್ತಕ ತಂದಿದ್ದ. ಆದ್ರೂ ನಮ್ಮ ಐದು ತಾಲೂಕಿನ ಬಸ್ ಸ್ಟ್ಯಾಂಡಲ್ಲಿ ಒಬ್ಬ ವಿದೇಶಿ ಇಳಿದ್ರೆ ಇವತ್ತಿಗೂ ಅದು ಸುದ್ದಿನೇ. ಹುಡುಗರು ಸೆಲ್ಫಿಗೆ ನಿಲ್ತಾರೆ. ಹೋಟೆಲ್ ಮಾಲೀಕರು ಕುರ್ಚಿ ಒರೆಸಿ ಕೊಡ್ತಾರೆ. ಇದನ್ನ ನೋಡಿ ನಾವು ಹೇಳ್ಕೊಳ್ಳೋ ಮಾತು ಒಂದೇ: "ನಮ್ ಜನ ಅತಿಥಿನ ದೇವರ ಥರ ನೋಡ್ತಾರ್ರೀ."

ನಿಜಾನಾ? ಇತಿಹಾಸ ಏನನ್ನುತ್ತೆ? ನಮ್ಮ ಅದೃಷ್ಟಕ್ಕೆ ಇದಕ್ಕೆ ದಾಖಲೆ ಇದೆ. ಐನೂರು, ಆರುನೂರು ವರ್ಷದ ಹಿಂದೆ ಇಲ್ಲಿಗೆ ಬಂದ ಅತಿಥಿಗಳೇ ಬರೆದಿಟ್ಟು ಹೋಗಿದ್ದಾರೆ. ಇವತ್ತಿನ ಭಾಷೆಯಲ್ಲಿ ಹೇಳೋದಾದ್ರೆ ವಿಜಯನಗರದ ಗೂಗಲ್ ರಿವ್ಯೂಗಳು.

ಮೊದಲನೇ ರಿವ್ಯೂ, ಅಬ್ದುರ್ ರಜಾಕ್‌ದು. ಊರು ಹೆರಾತ್, ಈಗಿನ ಅಫ್ಘಾನಿಸ್ತಾನ. ಅಲ್ಲಿನ ಸುಲ್ತಾನ ಶಾರುಖ್ (ಸಿನಿಮಾದವರಲ್ಲ, ತೈಮೂರನ ಮಗ) ಇವನನ್ನ ರಾಯಭಾರಿಯಾಗಿ ಕಳಿಸಿದ್ದ. 1442ರಲ್ಲಿ ಹೊರಟು, ಹೊರ್ಮುಜ್‌ನಿಂದ ಸಮುದ್ರ ದಾಟಿ ಕಲ್ಲಿಕೋಟೆಗೆ ಬಂದ. ಅಲ್ಲಿ ಅವನಿಗೆ ಅಷ್ಟೇನೂ ಮರ್ಯಾದೆ ಸಿಗಲಿಲ್ಲ. ಅಷ್ಟರಲ್ಲಿ ವಿಜಯನಗರದ ಎರಡನೇ ದೇವರಾಯನಿಂದ ಕರೆ ಬಂತು, ಆ ರಾಯಭಾರಿನ ಇಲ್ಲಿಗೆ ಕಳಿಸಿ ಅಂತ. ಮಂಗಳೂರಿಗೆ ಬಂದು, ಘಟ್ಟ ಹತ್ತಿ, ಒಂದು ದೊಡ್ಡ ದೇವಸ್ಥಾನದ ಊರು ದಾಟಿ ಬಂದೆ ಅಂತಾನೆ. ಆ ಊರು ಬೇಲೂರು ಅಂತ ಇತಿಹಾಸಕಾರರು ಗುರುತಿಸ್ತಾರೆ. ಬೇಲೂರಿನಿಂದ ವಿಜಯನಗರದವರೆಗೆ ಯಾವ ಹಳ್ಳಿಯ ಹೆಸರನ್ನೂ ಬರೆದಿಲ್ಲ. ಆದ್ರೆ ಮ್ಯಾಪ್ ತೆಗೆದು ಬೇಲೂರಿನಿಂದ ಹಂಪಿಗೆ ಒಂದು ನೇರ ಗೆರೆ ಎಳೀರಿ. ಅದು ಕೊಟ್ಟೂರು ಮತ್ತು ಕೂಡ್ಲಿಗಿ ನಡುವೆ ಹಾದು ಹೋಗುತ್ತೆ. ದಾರಿ ಯಾವತ್ತೂ ಗೆರೆ ಎಳೆದಂಗೆ ನೇರ ಇರಲ್ಲ, ಒಪ್ಕೋತೀನಿ. ಆದ್ರೂ ನಮ್ಮ ಸೀಮೆಯ ಆಸುಪಾಸಿನಲ್ಲೇ 1443ರ ಬೇಸಿಗೆಯಲ್ಲಿ ಒಬ್ಬ ಪರ್ಶಿಯನ್ ಮಾತಾಡೋ ಮನುಷ್ಯ ಬೆವರು ಒರೆಸ್ಕೊಳ್ತಾ ಹೋಗಿರಬೇಕು.

ಬೆವರಿನ ಮಾತು ಸುಮ್ಮನೆ ಅಂದಿದ್ದಲ್ಲ. ಏಪ್ರಿಲ್ ಕೊನೆಗೆ ಅವನು ಊರು ಸೇರಿದ. ಏಪ್ರಿಲ್ ಅಂದ್ರೆ ನಮ್ಮ ಕಡೆ ಬಿಸಿಲು ಹೆಂಗಿರುತ್ತೆ ಅಂತ ನಿಮಗೆ ನಾನು ಹೇಳಬೇಕಾಗಿಲ್ಲ. ದರ್ಬಾರಿಗೆ ಹೋಗೋವಾಗ ತಂಪು ದೇಶದ ಪದ್ಧತಿಯಂತೆ ಮೈಮೇಲೆ ಉಡುಪಿನ ಮೇಲೆ ಉಡುಪು. ಬೆವರಿನಲ್ಲಿ ತೊಯ್ದು ಹೋಗಿದ್ದ. ಅದನ್ನ ನೋಡಿದ ದೇವರಾಯ, ತನ್ನ ಕೈಯಲ್ಲಿದ್ದ ಚೀನಾದ ಬೀಸಣಿಗೆಯನ್ನೇ ಅವನಿಗೆ ಕೊಟ್ಟ. ರತ್ನ ಅಲ್ಲ, ಆನೆ ಅಲ್ಲ, ಬೀಸಣಿಗೆ. ಎದುರಿಗಿದ್ದ ಮನುಷ್ಯನಿಗೆ ಆ ಗಳಿಗೆಯಲ್ಲಿ ಏನು ಬೇಕೋ ಅದು. ಆ ರಾಜ್ಯದ ಆತಿಥ್ಯದ ಕಥೆಗಳಲ್ಲಿ ನನಗೆ ಅತಿ ಇಷ್ಟ ಆಗಿದ್ದು ಇದೇ.

ನಾನು ಓದಿದ್ದು ಬಿ.ಕಾಂ. ಹಾಗಾಗಿ ಖರ್ಚಿನ ಪಟ್ಟಿ ಕಂಡ್ರೆ ಬಿಡೋಕಾಗಲ್ಲ. ರಜಾಕ್ ಅದನ್ನೂ ಬರೆದಿಟ್ಟಿದ್ದಾನೆ. ಉಳ್ಕೊಳ್ಳೋಕೆ ಒಳ್ಳೆ ಮನೆ. ದಿನಕ್ಕೆ ಎರಡು ಕುರಿ, ನಾಲ್ಕು ಜೋಡಿ ಕೋಳಿ, ಐದು ಮಣ ಅಕ್ಕಿ, ಒಂದು ಮಣ ಬೆಣ್ಣೆ, ಒಂದು ಮಣ ಸಕ್ಕರೆ, ಜೊತೆಗೆ ಎರಡು ಚಿನ್ನದ ವರಹ. ಮೊದಲ ದರ್ಬಾರಿನ ದಿನ ವೀಳ್ಯ, ಕರ್ಪೂರ ಮತ್ತು 500 ಪಣ ಇದ್ದ ಥೈಲಿ. ಅವನೇ ಕೊಟ್ಟ ನಾಣ್ಯದ ಲೆಕ್ಕದಲ್ಲಿ ಇಪ್ಪತ್ತು ಪಣಕ್ಕೆ ಒಂದು ವರಹ. ಅಂದ್ರೆ ಒಂದೇ ಭೇಟಿಗೆ 25 ವರಹ. ಆಮೇಲೂ ವಾರಕ್ಕೆ ಎರಡು ಸಲ ಸಂಜೆ ಹೊತ್ತು ರಾಜ ಕರೆಸ್ತಿದ್ದ, ಪ್ರತಿ ಸಲವೂ ವೀಳ್ಯ, ಕರ್ಪೂರ, ಹಣ.

ಇಲ್ಲೊಂದು ಮಾತು ಬರುತ್ತೆ, ಅದನ್ನ ನಾವು ಸಾಮಾನ್ಯವಾಗಿ ಹಾರಿಸಿಬಿಡ್ತೀವಿ. ದೇವರಾಯ ದುಭಾಷಿ ಮೂಲಕ ರಜಾಕ್‌ಗೆ ಹೇಳ್ತಾನೆ: ನಿಮ್ಮ ರಾಜರು ರಾಯಭಾರಿಯನ್ನ ಜೊತೆಗೆ ಕೂರಿಸ್ಕೊಂಡು ಊಟ ಮಾಡ್ತಾರಂತೆ. ನಾವು, ನೀವು ಒಟ್ಟಿಗೆ ಉಣ್ಣೋ ಹಾಗಿಲ್ಲ. ಅದಕ್ಕೇ ಈ ಥೈಲಿನೇ ನಮ್ಮ ಔತಣ ಅಂದುಕೊಳ್ಳಿ. ಎಷ್ಟು ನಯವಾದ ಮಾತು ನೋಡಿ. ಬೀಸಣಿಗೆ ಕೊಡಬಹುದು, ಕುರಿ ಕೊಡಬಹುದು, ಚಿನ್ನ ಕೊಡಬಹುದು. ಪಂಕ್ತಿಯಲ್ಲಿ ಪಕ್ಕ ಕೂರಿಸೋಕಾಗಲ್ಲ. ಇದನ್ನ ನೆನಪಿಟ್ಟುಕೊಳ್ಳಿ, ಕೊನೆಗೆ ಬೇಕಾಗುತ್ತೆ.

ಈಗ ರಿವ್ಯೂದ ಇನ್ನೊಂದು ಭಾಗ. ಹೊರ್ಮುಜ್‌ನ ಕೆಲವು ವ್ಯಾಪಾರಿಗಳು ಇವನ ಮೇಲೆ ಹೊಟ್ಟೆಕಿಚ್ಚು ಪಟ್ಟು ಒಂದು ಸುದ್ದಿ ಹಬ್ಬಿಸಿದ್ರು. ಇವನು ಶಾರುಖ್ ಕಳಿಸಿದ ರಾಯಭಾರಿನೇ ಅಲ್ಲ, ಬರೀ ವ್ಯಾಪಾರಿ, ಕೈಯಲ್ಲಿರೋ ಪತ್ರ ಹೇಗೋ ಸಂಪಾದಿಸಿದ್ದು ಅಂತ. ಇವತ್ತಿನ ವಾಟ್ಸಾಪ್ ಫಾರ್ವರ್ಡ್ ಇದ್ದಂಗೆ. ಅದೇ ಹೊತ್ತಿಗೆ ದೊಡ್ಡ ದಂಡನಾಯಕ ಕಲಬುರಗಿ ಕಡೆ ಯುದ್ಧಕ್ಕೆ ಹೋದ. ಅವನ ಜಾಗಕ್ಕೆ ಬಂದ ಅಧಿಕಾರಿ ಸುದ್ದಿ ನಂಬಿ ರಜಾಕ್‌ನ ದಿನದ ಪಡಿಯನ್ನೇ ನಿಲ್ಲಿಸಿಬಿಟ್ಟ. ಕುರಿ ಬಂದ್, ಬೆಣ್ಣೆ ಬಂದ್, ವರಹ ಬಂದ್. ದಂಡನಾಯಕ ವಾಪಸ್ ಬಂದು ಆ ಅಧಿಕಾರಿಯನ್ನ ಬೈದು, ರಜಾಕ್‌ಗೆ ಹಣ ಕೊಡಿಸಿದ. ಆದ್ರೂ ಬೀಳ್ಕೊಡುವಾಗ ರಾಜನ ಮನಸ್ಸಲ್ಲಿ ಆ ಅನುಮಾನ ಉಳಿದೇ ಇತ್ತು. ನೀನು ನಿಜವಾಗಿ ಅವರ ಕಡೆಯವನಾಗಿದ್ರೆ ಇನ್ನೂ ಚೆನ್ನಾಗಿ ನೋಡ್ಕೋತಿದ್ವಿ ಅನ್ನೋ ಅರ್ಥದ ಮಾತು ಹೇಳಿ ಕಳಿಸಿದ.

ನಮ್ಮ ಹಳ್ಳಿಗಳಲ್ಲಿ ಹೊಸಬರು ಬಂದ್ರೆ ಮೊದಲು ಕೇಳೋದೇನು? "ಯಾವೂರ್ರೀ ನಿಮ್ದು? ಯಾರ ಪೈಕಿ?" ರಜಾಕ್‌ಗೂ ಕೇಳಿದ್ದು ಅದನ್ನೇ. ನೀನು ಯಾರ ಪೈಕಿ? ಸುಲ್ತಾನನ ಪೈಕಿ ಅಂದ್ರೆ ದಿನಕ್ಕೆ ಎರಡು ಕುರಿ. ಬರೀ ವ್ಯಾಪಾರಿ ಅಂದ್ರೆ ಪಡಿ ಬಂದ್. ಮನುಷ್ಯ ಅವನೇ, ಹಸಿವು ಅದೇ.

ಒಳ್ಳೆಯದನ್ನೂ ಹೇಳ್ಲೇಬೇಕು. ಈ ಊರಿನ ಜನಕ್ಕೆ ಗುಲಾಬಿ ಇಲ್ಲದಿದ್ರೆ ಬದುಕೇ ಇಲ್ಲ, ಅನ್ನದಷ್ಟೇ ಹೂವೂ ಬೇಕು ಅಂತ ರಜಾಕ್ ಆಶ್ಚರ್ಯ ಪಡ್ತಾನೆ. ಹಡಗಲಿಯವರು ಈಗ ನಗ್ತಿರಬೇಕು. ಹಂಪಿಯ ಗುಡಿಗಳಿಗೆ ತುಂಗಭದ್ರೆ ಮೇಲೆ ಹೂವು ಕಳಿಸ್ತಿದ್ದ ಊರು ಅಂತಾನೇ ಅಲ್ಲವಾ ಹೂವಿನಹಡಗಲಿ ಬಗ್ಗೆ ಹಿರಿಯರು ಹೇಳೋದು!

ಎರಡನೇ ರಿವ್ಯೂಗೆ ಬರೋಣ. ಈಗ ಪೋರ್ಚುಗೀಸರು. ಇವರ ದಾರಿ ತಿಳ್ಕೊಳ್ಳೋಕೆ ಸ್ವಲ್ಪ ದೂರ, ಬ್ರೆಜಿಲ್‌ಗೆ ಹೋಗಿ ಬರಬೇಕು.

1500ರ ಮಾರ್ಚ್. ಪೆದ್ರೊ ಕಬ್ರಾಲ್ ಅನ್ನೋನು 13 ಹಡಗು ಕಟ್ಕೊಂಡು ಲಿಸ್ಬನ್‌ನಿಂದ ಹೊರಟ. ಹೋಗಬೇಕಾಗಿದ್ದು ಕಲ್ಲಿಕೋಟೆಗೆ, ಮೆಣಸಿಗೆ. ಅಟ್ಲಾಂಟಿಕ್‌ನಲ್ಲಿ ಪಶ್ಚಿಮಕ್ಕೆ ತುಂಬಾ ದೂರ ಹೋಗಿ ಏಪ್ರಿಲ್ 22ಕ್ಕೆ ಒಂದು ದಡ ಕಂಡ್ರು. ಅದೇ ಬ್ರೆಜಿಲ್. ಹಡಗಿನಲ್ಲಿದ್ದ ಕಮಿನ್ಹಾ ಅನ್ನೋ ಬರಹಗಾರ ರಾಜನಿಗೆ ಬರೆದ ಪತ್ರದಲ್ಲಿ ಆ ಮೊದಲ ಭೇಟಿ ಇದೆ. ಅಲ್ಲಿನ ಇಬ್ಬರು ಹುಡುಗರು ಹಡಗು ಹತ್ತುತಾರೆ. ಕೊಟ್ಟ ತಿಂಡಿ ಬಾಯಿಗಿಟ್ಟು ಉಗುಳ್ತಾರೆ. ರಾತ್ರಿ ನೆಲದ ಮೇಲೆ ಮಲಗಿದಾಗ ಕಬ್ರಾಲ್ ತಲೆಗೆ ದಿಂಬು ಇಡಿಸಿ, ಹೊದಿಕೆ ಹೊದಿಸ್ತಾನೆ. ದಡದಲ್ಲಿ ಅವರೂ ಇವರೂ ಸೇರಿ ಕುಣೀತಾರೆ. ಯಾರು ಅತಿಥಿ, ಯಾರು ಯಜಮಾನ ಅಂತಾನೇ ಗೊತ್ತಾಗಲ್ಲ, ಅಷ್ಟು ಚೆಂದ. ಸ್ವಲ್ಪ ದಿನಕ್ಕೆ ಹಡಗುಗಳು ಹೊರಟು ಸೆಪ್ಟೆಂಬರ್‌ಗೆ ಕಲ್ಲಿಕೋಟೆಗೆ ಬಂದವು. ಬ್ರೆಜಿಲ್ ಮತ್ತು ನಮ್ಮ ದಕ್ಷಿಣ ಭಾರತ ಒಂದೇ ಪ್ರಯಾಣದ ಎರಡು ಸ್ಟಾಪ್.

ಆದ್ರೆ ಎರಡು ಕಡೆ ಆಗಿದ್ದು ಒಂದೇ ಅಲ್ಲ. ಬ್ರೆಜಿಲ್‌ನಲ್ಲಿ ಅತಿಥಿನೇ ಮಾಲೀಕನಾದ. ಆ ದಡದ ಮೂಲನಿವಾಸಿಗಳು ಕಾಯಿಲೆಗೆ, ಬಂದೂಕಿಗೆ, ಕಬ್ಬಿನ ತೋಟದ ಗುಲಾಮಗಿರಿಗೆ ಸಿಕ್ಕಿ ನಾಶವಾದ್ರು. ವಿಜಯನಗರದಲ್ಲಿ ಅದೇ ಪೋರ್ಚುಗೀಸರು ಕೈ ಕಟ್ಕೊಂಡು ನಿಲ್ಲಬೇಕಾಯ್ತು. ಯಾಕೆ? ಇಲ್ಲಿನ ರಾಜನ ಹತ್ತಿರ ದೊಡ್ಡ ಸೈನ್ಯ ಇತ್ತು, ಮತ್ತು ಇಬ್ಬರಿಗೂ ಒಬ್ಬರಿಂದ ಒಬ್ಬರಿಗೆ ಲಾಭ ಇತ್ತು. ನಾವು ಒಳ್ಳೆಯವರು, ಅವರು ಮುಗ್ಧರು ಅಂತಲ್ಲ. ಸ್ವಾಗತ ಹೇಗಿರುತ್ತೆ ಅನ್ನೋದು ಬಲ ಯಾರ ಕಡೆ ಇದೆ ಅನ್ನೋದರ ಮೇಲೂ ನಿಂತಿರುತ್ತೆ.

ಸುಮಾರು 1520ರಲ್ಲಿ ಡೊಮಿಂಗೊ ಪಾಯಸ್ ಬಂದ. ಕ್ರಿಸ್ತೊವಾವ್ ಫಿಗೆರೆದೊ ಅನ್ನೋ ಪೋರ್ಚುಗೀಸನ ಗುಂಪಿನ ಜೊತೆ. ಕೃಷ್ಣದೇವರಾಯ ಆಗ ಹೊಸದಾಗಿ ಕಟ್ಟಿಸಿದ ನಾಗಲಾಪುರದಲ್ಲಿದ್ದ, ಅಂದ್ರೆ ಇವತ್ತಿನ ಹೊಸಪೇಟೆ. ಫಿಗೆರೆದೊಗೆ ಜರಿಯ ನಿಲುವಂಗಿ, ಕುಲಾವಿ. ಜೊತೆಗೆ ಬಂದ ಒಬ್ಬೊಬ್ಬನಿಗೂ ಕಸೂತಿ ಬಟ್ಟೆ. ಬಿಡಾರಕ್ಕೆ ಕುರಿ, ಕೋಳಿ, ಗಡಿಗೆಗಟ್ಟಲೆ ಬೆಣ್ಣೆ, ಜೇನು. ಫಿಗೆರೆದೊ ಅದನ್ನ ತನ್ನ ಜೊತೆ ನಡ್ಕೊಂಡು ಬಂದ ಕಾಲಾಳುಗಳಿಗೆಲ್ಲ ಹಂಚಿದ. ಅರಮನೆ ನೋಡ್ಬೇಕು ಅಂದಾಗ ತೋರಿಸಿ ಅಂತ ಅಪ್ಪಣೆ ಆಯ್ತು. ಅದನ್ನ ನೋಡಿದ್ದರಿಂದಲೇ ಪಾಯಸ್ ಅಷ್ಟು ವಿವರವಾಗಿ ಬರೆಯೋಕಾಯ್ತು. ಊರು ರೋಮ್‌ನಷ್ಟು ದೊಡ್ಡದು ಅಂತ ಬರೆದ. ಅದೇ ಕಾಲದ ಇನ್ನೊಬ್ಬ ಪೋರ್ಚುಗೀಸ್, ಬಾರ್ಬೋಸಾ, ಈ ರಾಜ್ಯದಲ್ಲಿ ಯಾರು ಬೇಕಾದ್ರೂ ಬರಬಹುದು, ಹೋಗಬಹುದು, ತಮ್ಮ ಧರ್ಮದಂತೆ ಬದುಕಬಹುದು, ನೀನು ಯಾವ ಮತದವನು ಅಂತ ಯಾರೂ ಕಾಡಲ್ಲ ಅಂತ ಬರೀತಾನೆ. ಐದು ಸ್ಟಾರ್ ರಿವ್ಯೂ.

ಹಾಗಾದ್ರೆ ಲಾಭ ಎಲ್ಲಿತ್ತು? ಕುದುರೆಯಲ್ಲಿ. ಯುದ್ಧಕ್ಕೆ ಒಳ್ಳೆ ಕುದುರೆ ನಮ್ಮಲ್ಲಿ ಹುಟ್ಟಲ್ಲ, ಅರಬ್ ದೇಶದಿಂದ ಸಮುದ್ರದ ಮೇಲೆ ಬರಬೇಕು. 1510ರಲ್ಲಿ ಗೋವಾ ಹಿಡಿದ ಮೇಲೆ ಆ ವ್ಯಾಪಾರದ ಕೀಲಿಕೈ ಪೋರ್ಚುಗೀಸರ ಹತ್ತಿರ. 1530ರ ದಶಕದಲ್ಲಿ ಬರೆದ ನೂನಿಜ್ ಸ್ವತಃ ಕುದುರೆ ವ್ಯಾಪಾರಿ. ಅವನು ಹಿಂದಿನ ರಾಜ ಸಾಳುವ ನರಸಿಂಹನ ಬಗ್ಗೆ ಒಂದು ವಿಷಯ ಹೇಳ್ತಾನೆ. ಆ ರಾಜ ಕುದುರೆ ಬದುಕಿದ್ರೂ ಸತ್ತಿದ್ರೂ ಮೂರಕ್ಕೆ ಸಾವಿರ ಪರ್ದಾವೊ ಕೊಟ್ಟು ತಗೋತಿದ್ದನಂತೆ. ಸಮುದ್ರದಲ್ಲೇ ಸತ್ತು ಹೋದ್ರೆ ಬಾಲ ತಂದು ತೋರಿಸಿದ್ರೆ ಸಾಕು, ದುಡ್ಡು ಸಿಗ್ತಿತ್ತು. ಕಾಮರ್ಸ್ ಓದಿದವರಿಗೆ ತಕ್ಷಣ ಅರ್ಥ ಆಗುತ್ತೆ, ಇದು ಹುಚ್ಚಲ್ಲ. ದಾರಿಯ ನಷ್ಟ ನಾನು ಹೊತ್ಕೋತೀನಿ, ನೀನು ಮಾತ್ರ ನನ್ನ ಹತ್ತಿರಾನೇ ಬಾ, ಶತ್ರು ಹತ್ತಿರ ಹೋಗಬೇಡ ಅಂತ. ಒಂದು ರೀತಿ ಇನ್ಶೂರೆನ್ಸ್. ಇನ್ನು ಫಿಗೆರೆದೊ? 1520ರ ರಾಯಚೂರು ಮುತ್ತಿಗೆಯಲ್ಲಿ ತನ್ನ ಕೋವಿಯವರ ಜೊತೆ ಕೃಷ್ಣದೇವರಾಯನ ಪರ ನಿಂತವನು ಅವನೇ. ಜರಿಯ ನಿಲುವಂಗಿ ಹಿಂದೆ ಕೋವಿ ಇತ್ತು.

ಲಾಭ ನೋಡಿ ಮರ್ಯಾದೆ ಮಾಡೋದು ತಪ್ಪಾ? ತಪ್ಪಲ್ಲ. ರಾಜ್ಯ ನಡೆಯೋದೇ ಹಾಗೆ. ಆದ್ರೆ ಅದನ್ನ ದೇವರಂಥ ಸತ್ಕಾರ ಅಂತ ಕರೆಯೋದು ಬೇಡ. ಅದು ಬಾಲದ ಲೆಕ್ಕ.

ಇನ್ನೊಂದು ಥರದ ಅತಿಥಿಗಳೂ ಅದೇ ಹಡಗುಗಳ ಕಾಲದಲ್ಲಿ ಬಂದ್ರು. ಯಾವ ರಾಜನೂ ಅವರಿಗೆ ನಿಲುವಂಗಿ ಹೊದಿಸಲಿಲ್ಲ. ಕೊಟ್ಟೂರಿನ ಮಿರ್ಚಿ ಮಂಡಕ್ಕಿ ತಿನ್ನೋರು ಗಮನ ಇಟ್ಟು ಕೇಳಿ. ಮೆಣಸಿನಕಾಯಿ ನಮ್ಮದಲ್ಲ. ಅಮೆರಿಕ ಖಂಡದ ಗಿಡ, ಪೋರ್ಚುಗೀಸರ ಜೊತೆ ಭಾರತಕ್ಕೆ ಬಂದಿದ್ದು. ಕೂಡ್ಲಿಗಿಯ ಹೊಲದ ಶೇಂಗಾದ ತವರು ದಕ್ಷಿಣ ಅಮೆರಿಕ. ಹರಪನಹಳ್ಳಿ ಕಡೆ ಕಣ್ಣು ಹಾಯಿಸಿದಷ್ಟು ದೂರ ಕಾಣೋ ಮೆಕ್ಕೆಜೋಳ ಅಮೆರಿಕ ಖಂಡದ್ದೇ. ಅನಾನಸ್ ಅನ್ನೋ ಪದ ಕೂಡ ಬ್ರೆಜಿಲ್ ಕಡೆಯ ಮೂಲನಿವಾಸಿಗಳ ಭಾಷೆಯಿಂದ ಪೋರ್ಚುಗೀಸಿಗೆ ಹೋಗಿ ನಮ್ಮ ಬಾಯಿಗೆ ಬಂದಿದ್ದು.

ಜನ ಇವರನ್ನ ಹೇಗೆ ಬರಮಾಡ್ಕೊಂಡ್ರು ನೋಡಿ. ಖಾರ ಇದ್ದಿದ್ದಕ್ಕೆ ನಮ್ಮ ಮೆಣಸಿನ ಹೆಸರನ್ನೇ ಕೊಟ್ಟು ಮೆಣಸಿನಕಾಯಿ ಅಂದ್ರು. ಕಾಳು ಇದ್ದಿದ್ದಕ್ಕೆ ಜೋಳದ ಮನೆತನಕ್ಕೆ ಸೇರಿಸಿ ಮೆಕ್ಕೆಜೋಳ ಅಂದ್ರು. ಯಾರ ಪೈಕಿ ಅಂತ ಕೇಳದೆ, ನಮ್ಮ ಪೈಕಿ ಅಂತ ಹೇಳಿಬಿಟ್ರು. ಪುರಂದರದಾಸರ ಹೆಸರಿನಲ್ಲಿ ಹಾಡೋ ಒಂದು ಕೀರ್ತನೆಯಲ್ಲೇ ಮೆಣಸಿನಕಾಯಿ ಬಂದು ಕೂತಿದೆ. ಅರಮನೆಯಲ್ಲಿ ಆಗದ ಕೆಲಸ ಅಡುಗೆಮನೆಯಲ್ಲಿ ಆಯ್ತು. ಹೊರಗಿನದು ತಟ್ಟೆಯಲ್ಲಿ ಪಕ್ಕಕ್ಕೆ ಬಂತು.

ಜನರ ಆತಿಥ್ಯ ಅಂತ ಒಂದಿದ್ರೆ, ನನ್ನ ಪ್ರಕಾರ ಅದು ಇದು. ನಮ್ಮ ಸೀಮೆಯಲ್ಲಿ ಅದಕ್ಕೆ ದಾಸೋಹ ಅನ್ನೋ ಹೆಸರಿದೆ. ಕೊಟ್ಟೂರು ಬಸವೇಶ್ವರನ ತೇರಿಗೆ ದಾವಣಗೆರೆ ಕಡೆಯಿಂದ ಸಾವಿರಾರು ಜನ ನಡ್ಕೊಂಡು ಬರ್ತಾರಲ್ಲ, ದಾರಿ ಪಕ್ಕ ನೀರು, ಮಜ್ಜಿಗೆ, ಊಟ ಹಿಡ್ಕೊಂಡು ನಿಂತವರು ಯಾರ ಹತ್ತಿರವೂ ಪತ್ರ ಕೇಳಲ್ಲ. ಭರತ ಹುಣ್ಣಿಮೆ ಆಸುಪಾಸಿಗೆ ಮೈಲಾರದಲ್ಲಿ ಕಾರ್ಣಿಕ ಕೇಳೋಕೆ ಲಕ್ಷಾಂತರ ಜನ ಸೇರ್ತಾರೆ. ಅಲ್ಲಿ ಪಕ್ಕದ ಗಾಡಿಯವರ ರೊಟ್ಟಿ ತಿಂದವರಿಗೆ ಅವರ ಹೆಸರೂ ಗೊತ್ತಿರಲ್ಲ.

ಸರಿ, ಇವತ್ತಿಗೆ ಬರೋಣ. ಈ ಭಾಗ ಮಾತಾಡೋದು ಕಷ್ಟ, ಆದ್ರೆ ಬಿಟ್ರೆ ಈ ಎಪಿಸೋಡಿಗೆ ಅರ್ಥ ಇಲ್ಲ. 2025ರ ಮಾರ್ಚ್ 6ರ ರಾತ್ರಿ, ಹಂಪಿಯಿಂದ ಹೊಳೆಯ ಆಚೆ, ಕೊಪ್ಪಳ ಜಿಲ್ಲೆಯ ಸಾಣಾಪುರದ ಕಾಲುವೆ ಪಕ್ಕ ಐದು ಜನ ಕೂತಿದ್ರು. ಇಸ್ರೇಲ್‌ನಿಂದ ಬಂದ ಒಬ್ಬ ಮಹಿಳೆ, ಹೋಂಸ್ಟೇ ನಡೆಸೋ ಒಬ್ಬ ಮಹಿಳೆ, ಮೂವರು ಗಂಡಸರು. ಗಂಡಸರನ್ನ ಕಾಲುವೆಗೆ ತಳ್ಳಿ ಆ ಇಬ್ಬರು ಮಹಿಳೆಯರ ಮೇಲೆ ಸಾಮೂಹಿಕ ಅತ್ಯಾಚಾರ ಆಯ್ತು. ಒಡಿಶಾದಿಂದ ಬಂದಿದ್ದ ಯುವಕ ನೀರಲ್ಲಿ ಸತ್ತ. ಅವತ್ತು ಅತಿಥಿಗಳೂ ನೊಂದ್ರು, ಅವರನ್ನ ಕರ್ಕೊಂಡು ಹೋಗಿದ್ದ ಮನೆಯೊಡತಿಯೂ ನೊಂದಳು.

ಆ ವಾರ ನಮ್ಮ ಸುತ್ತ ಕೇಳಿದ ಮಾತುಗಳನ್ನ ನೆನಪು ಮಾಡ್ಕೊಳ್ಳಿ. "ಟೂರಿಸ್ಟ್ ಬರೋದು ನಿಂತು ಹೋಗುತ್ತೆ, ವ್ಯಾಪಾರ ಹಾಳಾಯ್ತು." "ರಾತ್ರಿ ಹೊತ್ತು ಅಲ್ಲಿಗೆ ಯಾಕೆ ಹೋಗಬೇಕಿತ್ತು?" ಮೊದಲನೇದು ಬಾಲದ ಲೆಕ್ಕ. ಎರಡನೇದು ರಜಾಕ್‌ನ ಪತ್ರದ ಮೇಲಿನ ಅನುಮಾನ, ಬೇರೆ ವೇಷದಲ್ಲಿ. ಅವರು ನಮ್ಮ ಮನೆಗೆ ಬಂದಿದ್ರು, ನೋವು ಅವರದು, ಅನ್ನೋ ಮಾತು ಮೂರನೇದಾಗಿ, ಮೆಲ್ಲಗೆ ಬಂತು.

ನಾನು ಇದನ್ನ ಯಾರನ್ನೋ ಬೈಯೋಕೆ ಹೇಳ್ತಿಲ್ಲ. ನಮಗೇ ಗೊತ್ತಿರೋ ಇನ್ನೊಂದು ವಿಷಯ ಇದೆ. ಕೂಡ್ಲಿಗಿ, ಹರಪನಹಳ್ಳಿ ಕಡೆಯಿಂದ ಮಳೆ ಕೈ ಕೊಟ್ಟ ವರ್ಷ ಎಷ್ಟು ಕುಟುಂಬ ಗುಳೆ ಹೋಗುತ್ತೆ! ಬೆಂಗಳೂರಿನ ಕಟ್ಟಡ ಕೆಲಸಕ್ಕೆ, ಮಲೆನಾಡಿನ ಕಾಫಿ ತೋಟಕ್ಕೆ. ಅಲ್ಲಿ ಅತಿಥಿ ನಾವು. ತಗಡಿನ ಶೆಡ್ಡು, ನೀರಿಗೆ ಸಾಲು, ಬಾಡಿಗೆ ಮನೆ ಕೇಳಿದ್ರೆ "ನೀವು ಯಾವ ಜನ?" ಅನ್ನೋ ಪ್ರಶ್ನೆ. ಯಾರ ಪೈಕಿ ಅಂತ ಕೇಳಿಸ್ಕೊಳ್ಳೋದು ಹೇಗಿರುತ್ತೆ ಅಂತ ನಮ್ಮವರಿಗೆ ಚೆನ್ನಾಗಿ ಗೊತ್ತು.

ಈಗ ದೇವರಾಯನ ಥೈಲಿ ನೆನಪು ಮಾಡ್ಕೊಳ್ಳಿ. ನೀವು, ನಾವು ಒಟ್ಟಿಗೆ ಉಣ್ಣೋ ಹಾಗಿಲ್ಲ, ಅದಕ್ಕೇ ದುಡ್ಡು. 1443ರಲ್ಲಿ ಅದು ಹೆರಾತ್‌ನಿಂದ ಬಂದವನಿಗೆ ಹೇಳಿದ ಮಾತು. ಇವತ್ತು ಅದೇ ಹೆರಾತ್‌ನವನು ನಮ್ಮೂರಿಗೆ ಬಂದ್ರೆ ಪಕ್ಕ ಕೂರಿಸ್ಕೊಂಡು ಚಹಾ ಕುಡಿದು ಸೆಲ್ಫಿ ತಗೋತೀವಿ. ಖುಷಿಯ ವಿಷಯ. ಆದ್ರೆ ದಲಿತರಿಗೆ ಹೋಟೆಲಿನಲ್ಲಿ ಬೇರೆ ಲೋಟ ಇಟ್ರು, ಗುಡಿ ಒಳಗೆ ಬಿಡಲಿಲ್ಲ ಅನ್ನೋ ಸುದ್ದಿ ಈ ರಾಜ್ಯದಲ್ಲಿ ಇನ್ನೂ ನಿಂತಿಲ್ಲ. ಸಾವಿರಾರು ಮೈಲಿ ದೂರದಿಂದ ಬಂದವನಿಗೆ ಸಿಗೋ ಕುರ್ಚಿ, ಹತ್ತು ಮನೆ ಆಚೆ ಹುಟ್ಟಿದವನಿಗೆ ಸಿಗದಿದ್ರೆ, ಅದು ಆತಿಥ್ಯ ಅಲ್ಲ, ಅದು ಬಿಳಿ ಚರ್ಮಕ್ಕೆ ಕೊಟ್ಟ ಥೈಲಿ.

ಹೊರಗಿನವರು ನಮ್ಮ ಬಗ್ಗೆ ಏನು ಬರೆದ್ರು ಅಂತ ಓದೋದು ಖುಷಿ. ಪಾಯಸ್, ನೂನಿಜ್ ಬರೆದಿದ್ದು ಪ್ಯಾರಿಸ್‌ನ ಗ್ರಂಥಾಲಯದಲ್ಲಿ ಮುನ್ನೂರಕ್ಕೂ ಹೆಚ್ಚು ವರ್ಷ ಹಳೆಯದಾಗಿ ಉಳಿದಿತ್ತು. 1897ರಲ್ಲಿ ಲಿಸ್ಬನ್‌ನಲ್ಲಿ ಅಚ್ಚಾಯ್ತು, 1900ರಲ್ಲಿ ರಾಬರ್ಟ್ ಸೀವೆಲ್ ಇಂಗ್ಲಿಷಿಗೆ ತಂದ. ಇವತ್ತಿನ ರಿವ್ಯೂ ಓದೋಕೆ ಅಷ್ಟು ಕಾಯಬೇಕಾಗಿಲ್ಲ. ಅತಿಥಿಗಳು ಮೊಬೈಲಲ್ಲಿ ಅವತ್ತೇ ಬರೀತಾರೆ. ನಮ್ಮೂರಲ್ಲೇ ಇರೋರು ಬರೆಯೋದೂ ಇಲ್ಲ, ಸುಮ್ಮನೆ ನೋಡಿ ನೆನಪಿಟ್ಕೋತಾರೆ.

ಮುಂದಿನ ಸಲ ಬಸ್ ಸ್ಟ್ಯಾಂಡಲ್ಲಿ ಹೊಸ ಮುಖ ಕಂಡ್ರೆ, ಅದು ಇಸ್ರೇಲ್‌ನವರದ್ದಾಗಲಿ, ಇಟ್ಟಿಗೆ ಭಟ್ಟಿಗೆ ಬಂದ ಒಡಿಶಾದವರದ್ದಾಗಲಿ, ಯಾರ ಪೈಕಿ ಅಂತ ಕೇಳೋ ಮುಂಚೆ "ಬರ್ರಿ, ಕುಂದ್ರಿ, ನೀರು ಕುಡೀರಿ" ಅನ್ನಿ. ಏಪ್ರಿಲ್ ಆಗಿದ್ರೆ ಬೀಸಣಿಗೆನೂ ಕೊಡಿ. ಅದನ್ನ ಕಲಿಯೋಕೆ ರಾಜನಾಗಬೇಕಿಲ್ಲ.

ನಿಮ್ಮೂರಿಗೆ ಹೊರಗಿನವರು ಬಂದಾಗ ಆದ ಕಥೆ ಇದ್ರೆ ವಾಯ್ಸ್ ನೋಟ್ ಕಳಿಸಿ. ಮುಂದಿನ ಸಂಚಿಕೆಯಲ್ಲಿ ಸಿಗೋಣ.